ದೂರದ ಹೊಡೆತದ ನಿಯಮಗಳು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಬಿಲ್ಲು, ಭರ್ಜಿ, ಎಸೆಗತ್ತಿ

ಆಟಗಾರರು ಒಂದೊಂದು ಪಾತ್ರ ವಹಿಸಿ ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಕತ್ತಿ ಹಿಡಿದ ಪಾತ್ರಕ್ಕೆ ಕಾಳಗದ ನಿಯಮ ಸರಳ. ಎದುರಾಳಿಯ ಪಕ್ಕದ ಚೌಕಕ್ಕೆ ಹೋಗಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಪೆಟ್ಟು ತಗುಲಿದರೆ ಹಾನಿಯ ದಾಳ ಉರುಳಿಸಬೇಕು. ಬಿಲ್ಲು ಹಿಡಿದವರು ಅಥವಾ ಭರ್ಜಿ ಎಸೆಯುವವರು ದಾಳ ಮುಟ್ಟುವ ಮೊದಲೇ ಹಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಗುರಿ ಎಷ್ಟು ಅಡಿ ದೂರದಲ್ಲಿದೆ, ನನ್ನ ಪಕ್ಕದಲ್ಲೇ ಶತ್ರು ನಿಂತಿದ್ದಾನೆಯೇ, ನಡುವೆ ಕಂಬವೋ ಗೋಡೆಯೋ ಅಡ್ಡ ಇದೆಯೇ, ಗುರಿ ನನಗೆ ಕಾಣುತ್ತಿದೆಯೇ, ಆಯುಧವನ್ನು ಹೊರತೆಗೆಯಲು ಕೈ ಖಾಲಿ ಇದೆಯೇ ಎಂಬಿವು ಆ ಪ್ರಶ್ನೆಗಳು. ಪ್ರತಿ ಸರದಿಯಲ್ಲೂ ಇವನ್ನು ಒಂದೇ ಕ್ರಮದಲ್ಲಿ ಕೇಳಿಕೊಳ್ಳುವ ಅಭ್ಯಾಸವಾದರೆ ದೂರದ ಹೊಡೆತ ಕತ್ತಿಯ ಹೊಡೆತದಷ್ಟೇ ಬೇಗ ಮುಗಿಯುತ್ತದೆ. ಬೆಂಗಳೂರಿನಲ್ಲಿ ಹೊಸದಾಗಿ ಗುಂಪು ಕಟ್ಟಿಕೊಂಡು ಆಡುತ್ತಿರುವವರಿಗೂ, ಅಂಥ ಗುಂಪುಗಳಿಗೆ ಡಿಎಂ (ಡಂಜನ್ ಮಾಸ್ಟರ್) ಆಗಿ ಆಟ ನಡೆಸುತ್ತಿರುವವರಿಗೂ ಆ ಕ್ರಮವನ್ನು ತಿಳಿಸಿಕೊಡುವುದು ಈ ಲೇಖನದ ಉದ್ದೇಶ.

ಆಟಕ್ಕೆ ಕೂರುವ ಮುನ್ನ: ಯಾವ ಆವೃತ್ತಿ?

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟ ಹಲವು ಸಲ ಪರಿಷ್ಕಾರಗೊಂಡಿದೆ. ಇಂದು ನಮ್ಮ ಮೇಜುಗಳಲ್ಲಿ ಹೆಚ್ಚಾಗಿ ಕಾಣುವುದು 2014ರಲ್ಲಿ ಬಂದ ಐದನೆಯ ಆವೃತ್ತಿ ಮತ್ತು ಅದನ್ನೇ ತಿದ್ದಿ 2024ರಲ್ಲಿ ಹೊರತಂದ ರೂಪ. ಎರಡೂ ಮೇಲ್ನೋಟಕ್ಕೆ ಒಂದೇ ರೀತಿ ಕಂಡರೂ ಎಸೆಯುವ ಆಯುಧಗಳ ವಿಷಯದಲ್ಲಿ ಅವುಗಳ ನಡುವೆ ಗಣನೀಯ ವ್ಯತ್ಯಾಸವಿದೆ. ಒಬ್ಬರು ಹಳೆಯ ಪುಸ್ತಕ ನೋಡಿ ಪಾತ್ರ ಸಿದ್ಧಪಡಿಸಿ, ಇನ್ನೊಬ್ಬರು ಹೊಸದನ್ನು ನೋಡಿ ಬಂದರೆ ಮೊದಲ ಭರ್ಜಿ ಎಸೆದಾಗಲೇ ಮಾತು ಬೆಳೆಯುತ್ತದೆ. ಆದುದರಿಂದ ಯಾವ ವರ್ಷದ ನಿಯಮ ಎಂಬುದನ್ನು ಡಿಎಂ ಮೊದಲ ದಿನವೇ ಹೇಳಿಬಿಡಬೇಕು. ಪುಸ್ತಕಕ್ಕೆ ಹಣ ಹಾಕಲು ಮನಸ್ಸಿಲ್ಲದವರು ಮೂಲ ನಿಯಮಗಳ ಉಚಿತ ಸಂಗ್ರಹವನ್ನು ಬಳಸಿಕೊಳ್ಳಬಹುದು. 2014ರ ನಿಯಮಗಳ ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಹೊಸ ನಿಯಮಗಳ ಸಂಗ್ರಹ 2025ರಲ್ಲಿ ಬಂತು. ಈ ಲೇಖನದಲ್ಲಿ ಹೇಳುವ ಆಯುಧಗಳೆಲ್ಲ ಆ ಉಚಿತ ಸಂಗ್ರಹಗಳಲ್ಲಿಯೇ ಇವೆ.

ಹಂತ 1: ಆಯುಧದ ವರ್ಗ ಬೇರೆ, ಹೊಡೆತದ ಬಗೆ ಬೇರೆ

ಈ ವಿಷಯದಲ್ಲಿ ಬರುವ ಗೊಂದಲದ ಬಹುಪಾಲು ಇಲ್ಲಿಯೇ ಹುಟ್ಟುತ್ತದೆ. ಆದುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಆಯುಧಗಳ ಪಟ್ಟಿಯಲ್ಲಿ ಎರಡು ವರ್ಗಗಳಿವೆ: ಕೈಹೊಡೆತದ ಆಯುಧಗಳು ಮತ್ತು ದೂರದ ಆಯುಧಗಳು. ಗಿಡ್ಡ ಬಿಲ್ಲು, ಉದ್ದ ಬಿಲ್ಲು, ಕ್ರಾಸ್‌ಬೋ, ಕವಣೆ, ಊದುಗೊಳವೆ, ಡಾರ್ಟ್ ಇವು ದೂರದ ಆಯುಧಗಳು. ಭರ್ಜಿ, ಈಟಿ, ಕೈಗೊಡಲಿ, ಚಿಕ್ಕ ಸುತ್ತಿಗೆ, ಬಾಕು, ತ್ರಿಶೂಲ ಇವು ಕೈಹೊಡೆತದ ವರ್ಗದಲ್ಲಿವೆ. ಆದರೆ ಇವುಗಳಿಗೆ ‘ಥ್ರೋನ್’ ಎಂಬ ಗುಣ ಇರುವುದರಿಂದ ಇವನ್ನು ಎಸೆಯಲೂಬಹುದು. ಹೀಗೆ ಎಸೆದಾಗ ನಡೆಯುವುದು ದೂರದ ಹೊಡೆತ. ಆದರೂ ಆಯುಧ ಮಾತ್ರ ಕೈಹೊಡೆತದ ವರ್ಗದಲ್ಲಿಯೇ ಉಳಿಯುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿ ಕೂತರೆ ಮುಂದಿನ ಅನೇಕ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಮೊದಲನೆಯದು, ಯಾವ ಸಾಮರ್ಥ್ಯದ ಅಂಕಿಯನ್ನು ಕೂಡಿಸಬೇಕು ಎಂಬುದು. ದೂರದ ಆಯುಧಕ್ಕೆ ಡೆಕ್ಸ್ಟೆರಿಟಿ (ಚುರುಕುತನ), ಕೈಹೊಡೆತದ ಆಯುಧಕ್ಕೆ ಸ್ಟ್ರೆಂತ್ (ಬಲ) ಎಂಬುದು ಮೂಲ ನಿಯಮ. ಕೈಹೊಡೆತದ ಆಯುಧವನ್ನು ಎಸೆದಾಗಲೂ ಅದರಿಂದ ಕೈಯಲ್ಲಿ ಹೊಡೆಯುವಾಗ ಬಳಸುವ ಸಾಮರ್ಥ್ಯವನ್ನೇ ಬಳಸಬೇಕು. ಹೀಗಾಗಿ ಭರ್ಜಿಗೂ ಕೈಗೊಡಲಿಗೂ ಸ್ಟ್ರೆಂತ್. ಬಾಕುವಿಗೆ ‘ಫಿನೆಸ್’ ಗುಣ ಇರುವುದರಿಂದ ಎರಡರಲ್ಲಿ ಯಾವುದು ಹೆಚ್ಚಿದೆಯೋ ಅದನ್ನು ಆರಿಸಿಕೊಳ್ಳಬಹುದು, ಎಸೆಯುವಾಗಲೂ ಸಹ. ಡಾರ್ಟ್‌ಗೂ ಫಿನೆಸ್ ಇದೆ. ಹಾಗಾಗಿ ದೂರದ ವರ್ಗದಲ್ಲಿದ್ದರೂ ಅದನ್ನು ಸ್ಟ್ರೆಂತ್‌ನಿಂದ ಎಸೆಯಲು ಅವಕಾಶವಿದೆ. ಆರಿಸಿಕೊಂಡ ಅಂಕಿಯನ್ನು ದಾಳಿಯ ದಾಳಕ್ಕೂ ಹಾನಿಯ ದಾಳಕ್ಕೂ ಕೂಡಿಸಬೇಕು. ಒಂದಕ್ಕೆ ಒಂದು, ಇನ್ನೊಂದಕ್ಕೆ ಮತ್ತೊಂದು ಎಂದು ಮಾಡುವಂತಿಲ್ಲ. ಆಯುಧದಲ್ಲಿ ತರಬೇತಿ ಇದ್ದರೆ ದಾಳಿಯ ದಾಳಕ್ಕೆ ಪ್ರೊಫಿಷಿಯೆನ್ಸಿ ಬೋನಸ್ ಸಹ ಸೇರುತ್ತದೆ.

ಎರಡನೆಯದು, ಪಾತ್ರದ ವಿಶೇಷ ಶಕ್ತಿಗಳು ಎಲ್ಲಿ ಅನ್ವಯಿಸುತ್ತವೆ ಎಂಬುದು. ‘ಆರ್ಚರಿ’ ಎಂಬ ಯುದ್ಧಶೈಲಿ ದೂರದ ಆಯುಧಗಳ ದಾಳಿಗೆ 2 ಕೂಡಿಸುತ್ತದೆ. ಡಾರ್ಟ್ ಎಸೆದರೆ ಅದು ಸಿಗುತ್ತದೆ, ಭರ್ಜಿ ಎಸೆದರೆ ಸಿಗುವುದಿಲ್ಲ. ರೋಗ್ ಪಾತ್ರದ ‘ಸ್ನೀಕ್ ಅಟ್ಯಾಕ್’ಗೆ, ಅಂದರೆ ಹೊಂಚಿನ ಹೊಡೆತದ ಹೆಚ್ಚುವರಿ ಹಾನಿಗೆ, ಆಯುಧ ಫಿನೆಸ್ ಗುಣದ್ದೋ ದೂರದ ವರ್ಗದ್ದೋ ಆಗಿರಬೇಕು, ಹಾಗಾಗಿ ಎಸೆದ ಬಾಕು ನಡೆಯುತ್ತದೆ, ಎಸೆದ ಕೈಗೊಡಲಿ ನಡೆಯುವುದಿಲ್ಲ. ಬಾರ್ಬೇರಿಯನ್ ಪಾತ್ರಕ್ಕೆ ಕೋಪ (‘ರೇಜ್’) ಬಂದಾಗ ಸಿಗುವ ಹೆಚ್ಚುವರಿ ಹಾನಿಯ ವಿಷಯದಲ್ಲಿ ಆವೃತ್ತಿಗಳು ಬೇರೆಯಾಗುತ್ತವೆ. 2014ರ ನಿಯಮದಲ್ಲಿ ಅದು ಸ್ಟ್ರೆಂತ್ ಬಳಸಿದ ಕೈಹೊಡೆತಕ್ಕೆ ಮಾತ್ರ ಸಿಗುತ್ತಿತ್ತು, ಎಸೆದ ಭರ್ಜಿಗೆ ಸಿಗುತ್ತಿರಲಿಲ್ಲ. 2024ರಲ್ಲಿ ಸ್ಟ್ರೆಂತ್ ಬಳಸಿದ ಯಾವ ಆಯುಧದ ಹೊಡೆತಕ್ಕಾದರೂ ಸಿಗುತ್ತದೆ, ಆದುದರಿಂದ ಭರ್ಜಿ ಎಸೆಯುವ ಬಾರ್ಬೇರಿಯನ್‌ಗೆ ಹೊಸ ಪುಸ್ತಕವೇ ಲಾಭದಾಯಕ. ಈ ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಕೋಪದಲ್ಲಿರುವ ಬಲಶಾಲಿಯೊಬ್ಬ ಎಸೆದ ಭರ್ಜಿ ಅವನ ಕೈಯಲ್ಲಿರುವ ಭರ್ಜಿಗಿಂತ ಮೆತ್ತಗೆ ತಗುಲುತ್ತದೆ ಎಂದು ಆಟಗಾರರಿಗೆ ವಿವರಿಸುವುದು ಯಾವ ಡಿಎಂಗೂ ಸುಲಭವಾಗಿರಲಿಲ್ಲ.

ಎಸೆಯುವ ಗುಣವಿಲ್ಲದ ಆಯುಧವನ್ನು, ಉದಾಹರಣೆಗೆ ಉದ್ದ ಕತ್ತಿಯನ್ನು, ಎಸೆಯಬಾರದೆಂದೇನೂ ಇಲ್ಲ. ಆಗ ಅದು ಕೈಗೆ ಸಿಕ್ಕ ವಸ್ತುವನ್ನು ಎಸೆದಂತೆ: ಹಾನಿ ನಾಲ್ಕು ಮುಖದ ದಾಳ, ದೂರ 20 ಮತ್ತು 60 ಅಡಿ.

ಹಂತ 2: ದೂರವನ್ನು ಅಳೆಯುವುದು

ದೂರದ ಪ್ರತಿಯೊಂದು ಆಯುಧಕ್ಕೂ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಸಾಮಾನ್ಯ ದೂರ, ಎರಡನೆಯದು ಗರಿಷ್ಠ ದೂರ. ಸಾಮಾನ್ಯ ದೂರದೊಳಗಿನ ಗುರಿಗೆ ಯಾವ ತೊಡಕೂ ಇಲ್ಲ. ಅದನ್ನು ದಾಟಿದ, ಆದರೆ ಗರಿಷ್ಠ ದೂರದೊಳಗಿರುವ ಗುರಿಗೆ ಡಿಸ್‌ಅಡ್ವಾಂಟೇಜ್ ಬರುತ್ತದೆ. ಅಂದರೆ ದಾಳವನ್ನು ಎರಡು ಸಲ ಉರುಳಿಸಿ ಚಿಕ್ಕ ಅಂಕಿಯನ್ನು ಇಟ್ಟುಕೊಳ್ಳಬೇಕು. ಗರಿಷ್ಠ ದೂರದಾಚೆ ಹೊಡೆಯಲು ಸಾಧ್ಯವೇ ಇಲ್ಲ.

ಅಡಿಗಳಲ್ಲಿ ಬರೆದ ಈ ಅಂಕಿಗಳು ಬೇರೆ ಊರಿನವರಿಗೆ ಗಾಳಿಯಲ್ಲಿ ತೇಲಿದಂತೆ ಕಾಣಬಹುದು. ಬೆಂಗಳೂರಿನವರಿಗೆ ಆ ಕಷ್ಟವಿಲ್ಲ. ನಾವು ಸೈಟುಗಳನ್ನೂ ರಸ್ತೆಗಳನ್ನೂ ಇಂದಿಗೂ ಅಡಿಯಲ್ಲಿಯೇ ಹೇಳುತ್ತೇವೆ. ಭರ್ಜಿಯ ಸಾಮಾನ್ಯ ದೂರ 30 ಅಡಿ, ಅಂದರೆ ಮೂವತ್ತು-ನಲವತ್ತು ಸೈಟಿನ ಅಗಲ. ಅದರ ಗರಿಷ್ಠ ದೂರ 120 ಅಡಿ, ಅಂದರೆ ಅಂಥ ನಾಲ್ಕು ಸೈಟುಗಳನ್ನು ಸಾಲಾಗಿ ಇಟ್ಟಷ್ಟು. ಬಾಕು, ಕೈಗೊಡಲಿ, ಈಟಿ, ಡಾರ್ಟ್ ಇವುಗಳಿಗೆ 20 ಮತ್ತು 60: ನಲವತ್ತು-ಅರವತ್ತು ಸೈಟಿನ ಗೇಟಿನಲ್ಲಿ ನಿಂತು ಹಿಂದಿನ ಕಾಂಪೌಂಡಿನವರೆಗೆ ಎಸೆಯಬಹುದು, ಆದರೆ ನೆಚ್ಚಿಕೊಂಡು ಎಸೆಯಬಹುದಾದದ್ದು ಅದರ ಮೂರನೇ ಒಂದು ಭಾಗಕ್ಕೆ ಮಾತ್ರ. ಕವಣೆಗೂ ಕೈ ಕ್ರಾಸ್‌ಬೋಗೂ 30 ಮತ್ತು 120. ಗಿಡ್ಡ ಬಿಲ್ಲು ಮತ್ತು ಹಗುರ ಕ್ರಾಸ್‌ಬೋಗಳಿಗೆ 80 ಮತ್ತು 320. ಕೋರಮಂಗಲದ 80 ಅಡಿ ರಸ್ತೆಯ ಹೆಸರಿನಲ್ಲಿರುವ ಅಗಲವೇ ಅವುಗಳ ಸಾಮಾನ್ಯ ದೂರ. ಭಾರಿ ಕ್ರಾಸ್‌ಬೋಗೆ 100 ಮತ್ತು 400, ಇಂದಿರಾನಗರದ 100 ಅಡಿ ರಸ್ತೆಯ ಲೆಕ್ಕ. ಉದ್ದ ಬಿಲ್ಲಿಗೆ 150 ಮತ್ತು 600. ನಕ್ಷೆಯ ಮೇಲೆ ಒಂದು ಚೌಕ 5 ಅಡಿ ಎಂದು ಹಿಡಿದರೆ ಉದ್ದ ಬಿಲ್ಲಿನ ಸಾಮಾನ್ಯ ದೂರವೇ 30 ಚೌಕ. ಊಟದ ಮೇಜಿನ ಮೇಲೆ ಹಾಸಿದ ಹಾಳೆಯಲ್ಲಿ ಅಷ್ಟು ಚೌಕಗಳು ಸಾಮಾನ್ಯವಾಗಿ ಇರುವುದಿಲ್ಲ. ಹೀಗಾಗಿ ಕೋಣೆ, ಸುರಂಗ, ಗುಡಿಯ ಪ್ರಾಂಗಣಗಳಲ್ಲಿ ನಡೆಯುವ ಕಾಳಗದಲ್ಲಿ ಬಿಲ್ಲುಗಾರರಿಗೆ ದೂರದ ಪ್ರಶ್ನೆ ಏಳುವುದೇ ಇಲ್ಲ, ಎಸೆಯುವವರಿಗೆ ಮಾತ್ರ ಏಳುತ್ತದೆ. ಬಯಲಿನ ಕಾಳಗವಿದ್ದರೆ ನಕ್ಷೆಯ ಅಂಚಿನಲ್ಲಿ ‘ಇಲ್ಲಿಂದ ಇನ್ನೂ 100 ಅಡಿ’ ಎಂದು ಬರೆದಿಟ್ಟರೆ ಸಾಕು.

ಮೂಲೆಯಿಂದ ಮೂಲೆಗೆ ಎಣಿಸುವಾಗಲೂ ಒಂದು ಚೌಕಕ್ಕೆ 5 ಅಡಿ ಎಂಬುದೇ ಸಾಮಾನ್ಯ ಪದ್ಧತಿ. ಒಂದಕ್ಕೆ 5, ಮುಂದಿನದಕ್ಕೆ 10 ಎಂದು ಎಣಿಸುವ ಐಚ್ಛಿಕ ಪದ್ಧತಿಯೂ ಇದೆ. ಅದು ಹೆಚ್ಚು ನಿಖರ. ಆದರೆ ಆಟದ ಓಟವನ್ನು ತಡೆಯುತ್ತದೆ. ವೈಟ್‌ಫೀಲ್ಡಿನಿಂದ ಬನಶಂಕರಿಗೆ ಬರಲಾಗದೆ ಆನ್‌ಲೈನ್ ಮೇಜಿನಲ್ಲಿ ಆಡುವ ಗುಂಪುಗಳಿಗೆ ತಂತ್ರಾಂಶವೇ ಅಳೆದು ಕೊಡುತ್ತದೆ; ಅದರ ಸೆಟ್ಟಿಂಗ್‌ನಲ್ಲಿ ಯಾವ ಪದ್ಧತಿ ಇದೆ ಎಂದು ಒಮ್ಮೆ ನೋಡಿಕೊಂಡರಾಯಿತು.

ಹಂತ 3: ಪಕ್ಕದಲ್ಲಿ ಶತ್ರು ಇದ್ದರೆ

ನಿಮ್ಮಿಂದ 5 ಅಡಿಯೊಳಗೆ ನಿಮ್ಮನ್ನು ಕಾಣಬಲ್ಲ, ಪ್ರಜ್ಞೆಯಲ್ಲಿರುವ, ಕೈಕಾಲು ಆಡಿಸಬಲ್ಲ ಶತ್ರು ಇದ್ದರೆ ದೂರದ ಹೊಡೆತಕ್ಕೆ ಡಿಸ್‌ಅಡ್ವಾಂಟೇಜ್ ಬರುತ್ತದೆ. ಇಲ್ಲಿ ಎರಡು ಅಂಶಗಳು ಮತ್ತೆ ಮತ್ತೆ ತಪ್ಪಿಹೋಗುತ್ತವೆ. ಹೊಡೆಯುತ್ತಿರುವುದು ಪಕ್ಕದವನಿಗೇ ಆಗಿರಬೇಕಿಲ್ಲ. ಪಕ್ಕದಲ್ಲಿ ಶತ್ರುವನ್ನು ಇಟ್ಟುಕೊಂಡು 60 ಅಡಿ ದೂರದವನಿಗೆ ಗುರಿಯಿಟ್ಟರೂ ಈ ತೊಡಕು ತಪ್ಪುವುದಿಲ್ಲ. ಎರಡನೆಯದಾಗಿ, ಬಾಕುವನ್ನು ಪಕ್ಕದವನಿಗೆ ಎಸೆದರೆ ಅದು ದೂರದ ಹೊಡೆತ, ತೊಡಕು ಬರುತ್ತದೆ. ಅದೇ ಬಾಕುವಿನಿಂದ ತಿವಿದರೆ ಬರುವುದಿಲ್ಲ. ಪಕ್ಕದವನಿಗೆ ಎಸೆಯುವ ಅಗತ್ಯವೇ ಇಲ್ಲವಾದ್ದರಿಂದ ಆಟಗಾರರು ‘ಬಾಕುವಿನಿಂದ ಹೊಡೆಯುತ್ತೇನೆ’ ಎಂದಾಗ ಡಿಎಂ ಅದನ್ನು ತಿವಿತವೆಂದೇ ತೆಗೆದುಕೊಳ್ಳುವುದು ನ್ಯಾಯ.

ನಿಮ್ಮ ಗೆಳೆಯ ಶತ್ರುವಿನೊಡನೆ ಕೈಕೈ ಹೊಡೆದಾಡುತ್ತಿರುವಾಗ ಆ ಶತ್ರುವಿಗೆ ಬಾಣ ಬಿಟ್ಟರೆ ಪ್ರತ್ಯೇಕ ದಂಡವೇನೂ ಇಲ್ಲ. 2000ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಅದಕ್ಕೆ 4 ಕಳೆಯುವ ನಿಯಮ ಇತ್ತು. ಆ ಕಾಲದಿಂದ ಆಡಿಕೊಂಡು ಬಂದ ಹಿರಿಯರು ಅಭ್ಯಾಸಬಲದಿಂದ ಅದನ್ನು ಈಗಲೂ ಹೇಳುವುದುಂಟು. ಐದನೆಯ ಆವೃತ್ತಿಯಲ್ಲಿ ಗೆಳೆಯನ ದೇಹ ನಡುವೆ ಅಡ್ಡ ಬಂದರೆ ಮಾತ್ರ ಗುರಿಗೆ ಅರ್ಧ ಮರೆ ಸಿಗುತ್ತದೆ, ಅಷ್ಟೇ. ಗುರಿ ತಪ್ಪಿದ ಬಾಣ ಗೆಳೆಯನಿಗೇ ತಗುಲುವುದು 2014ರ ಐಚ್ಛಿಕ ನಿಯಮಗಳಲ್ಲಿ ಒಂದು. ಅದನ್ನು ಬಳಸುವುದಿದ್ದರೆ ಆಟಗಾರರಿಗೆ ಮೊದಲೇ ತಿಳಿಸಿರಬೇಕು. ನನ್ನ ಅಭಿಪ್ರಾಯದಲ್ಲಿ ಹೊಸಬರ ಗುಂಪಿನಲ್ಲಿ ಅದನ್ನು ಬಳಸದಿರುವುದೇ ಒಳ್ಳೆಯದು. ಬಿಲ್ಲು ಹಿಡಿದವರು ಹೆದರಿ ಸರದಿಯನ್ನೇ ಬಿಟ್ಟುಕೊಡತೊಡಗುತ್ತಾರೆ.

ಹಂತ 4: ಮರೆ

ಗುರಿ ಏನಾದರೊಂದರ ಹಿಂದೆ ಇದ್ದರೆ ಅದರ ಎಸಿ (ಆರ್ಮರ್ ಕ್ಲಾಸ್, ಅಂದರೆ ಪೆಟ್ಟು ತಗುಲಲು ದಾಳಿಯ ಒಟ್ಟು ಮುಟ್ಟಬೇಕಾದ ಅಂಕಿ) ಹೆಚ್ಚುತ್ತದೆ. ಅರ್ಧ ಮರೆಗೆ 2, ಮುಕ್ಕಾಲು ಮರೆಗೆ 5. ಪೂರ್ತಿ ಮರೆಯಲ್ಲಿದ್ದರೆ ನೇರವಾಗಿ ಗುರಿಯಿಡಲು ಆಗುವುದಿಲ್ಲ. ಮೋಟುಗೋಡೆ, ತೆಳ್ಳನೆಯ ಮರದ ಕಾಂಡ, ಇನ್ನೊಂದು ಜೀವಿಯ ದೇಹ ಇವು ಅರ್ಧ ಮರೆ. ಕೋಟೆಗೋಡೆಯ ಬಾಣದ ಕಿಂಡಿ, ಕಬ್ಬಿಣದ ಸರಳುಬಾಗಿಲು, ದಪ್ಪ ಮರ ಇವು ಮುಕ್ಕಾಲು ಮರೆ. ಎರಡು ವಸ್ತುಗಳು ಅಡ್ಡ ಇದ್ದರೆ ಕೂಡಿಸುವಂತಿಲ್ಲ, ಹೆಚ್ಚಿನದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ನಕ್ಷೆಯ ಮೇಲೆ ಸಂಶಯ ಬಂದರೆ ತೀರಿಸಿಕೊಳ್ಳುವ ಉಪಾಯ 2014ರ ಡಿಎಂ ಕೈಪಿಡಿಯಲ್ಲಿದೆ. ಹೊಡೆಯುವವರು ತಮ್ಮ ಚೌಕದ ಒಂದು ಮೂಲೆಯನ್ನು ಆರಿಸಿಕೊಂಡು ಅಲ್ಲಿಂದ ಗುರಿಯ ಚೌಕದ ನಾಲ್ಕೂ ಮೂಲೆಗಳಿಗೆ ಗೆರೆ ಎಳೆದಂತೆ ಊಹಿಸಬೇಕು. ಒಂದು ಅಥವಾ ಎರಡು ಗೆರೆಗಳಿಗೆ ತಡೆ ಬಂದರೆ ಅರ್ಧ ಮರೆ. ಮೂರು ಅಥವಾ ನಾಲ್ಕಕ್ಕೆ ತಡೆ ಬಂದರೂ ಬಾಣ ನುಸುಳಲು ದಾರಿ ಇದ್ದರೆ ಮುಕ್ಕಾಲು ಮರೆ. ಮೂಲೆಯ ಆಯ್ಕೆ ಹೊಡೆಯುವವರದ್ದು ಎಂಬುದನ್ನು ಗಮನಿಸಬೇಕು. ಅಳತೆಪಟ್ಟಿಯನ್ನೋ ನೂಲನ್ನೋ ಇಟ್ಟು ನೋಡಿದರೆ ಕ್ಷಣದಲ್ಲಿ ತೀರ್ಮಾನವಾಗುತ್ತದೆ.

ಎತ್ತರದಲ್ಲಿ ನಿಂತವರಿಗೆ ಹೆಚ್ಚುವರಿ ಅಂಕ ಕೊಡುವ ಪದ್ಧತಿ ಕೆಲವು ಕಂಪ್ಯೂಟರ್ ಆಟಗಳಲ್ಲಿದೆ. ಮೂಲ ನಿಯಮದಲ್ಲಿ ಅದು ಇಲ್ಲ. ಎತ್ತರದ ನಿಜವಾದ ಲಾಭವೆಂದರೆ ಮೋಟುಗೋಡೆಯ ಮೇಲಿನಿಂದ ನೋಡಿದಾಗ ಕೆಳಗಿನವರ ಮರೆ ಇಲ್ಲವಾಗುವುದು.

ಹಂತ 5: ಕಾಣದ ಗುರಿ, ನೆಲಕ್ಕೆ ಬಿದ್ದ ಗುರಿ

ಗುರಿ ನಿಮಗೆ ಕಾಣದಿದ್ದರೆ ಡಿಸ್‌ಅಡ್ವಾಂಟೇಜ್. ನೀವು ಗುರಿಗೆ ಕಾಣದಿದ್ದರೆ ಅಡ್ವಾಂಟೇಜ್, ಅಂದರೆ ಎರಡು ದಾಳಗಳಲ್ಲಿ ದೊಡ್ಡದು ನಿಮ್ಮದು. ಅಡಗಿ ಕುಳಿತು ಹೊಡೆದವರು ತಗುಲಿದರೂ ತಪ್ಪಿದರೂ ತಾವಿರುವ ಜಾಗವನ್ನು ಬಿಟ್ಟುಕೊಟ್ಟಂತೆಯೇ. ನೆಲಕ್ಕೆ ಬಿದ್ದವನನ್ನು 5 ಅಡಿಯೊಳಗಿಂದ ಹೊಡೆದರೆ ಅಡ್ವಾಂಟೇಜ್, ಅದಕ್ಕಿಂತ ದೂರದಿಂದ ಹೊಡೆದರೆ ಡಿಸ್‌ಅಡ್ವಾಂಟೇಜ್. ಆದುದರಿಂದ ಗುಂಪಿನಲ್ಲಿ ಬಿಲ್ಲುಗಾರರು ಹೆಚ್ಚಿದ್ದಾಗ ಶತ್ರುವನ್ನು ಕೆಡವಿ ಬೀಳಿಸುವ ತಂತ್ರ ಅವರಿಗೇ ಮುಳುವಾಗುತ್ತದೆ. ಮುಂದಿನ ಸಾಲಿನವರು ಕೆಡವುವ ಮೊದಲು ಯಾರ ಸರದಿ ಮುಂದೆ ಬರುತ್ತದೆ ಎಂದು ನೋಡಿಕೊಳ್ಳಬೇಕು.

ಅಡ್ವಾಂಟೇಜ್‌ಗಳೂ ಡಿಸ್‌ಅಡ್ವಾಂಟೇಜ್‌ಗಳೂ ಎಷ್ಟೇ ಬಂದರೂ ಒಂದರ ಮೇಲೊಂದು ಪೇರಿಕೊಳ್ಳುವುದಿಲ್ಲ. ಗುರಿ ದೂರದಲ್ಲಿದೆ, ನೆಲಕ್ಕೆ ಬಿದ್ದಿದೆ, ಪಕ್ಕದಲ್ಲಿ ಶತ್ರು ಇದ್ದಾನೆ ಎಂದು ಮೂರು ಕಾರಣಗಳಿದ್ದರೂ ದಾಳ ಎರಡೇ. ಎರಡೂ ಬಗೆಯವು ಒಂದೊಂದಾದರೂ ಇದ್ದರೆ ಪೂರ್ತಿ ವಜಾ ಆಗಿ ಒಂದೇ ದಾಳ ಉರುಳಿಸಬೇಕು. ಇದರಿಂದ ಒಂದು ವಿಚಿತ್ರ ಫಲವೂ ಬರುತ್ತದೆ: ದಟ್ಟ ಮಂಜಿನಲ್ಲಿ ಇಬ್ಬರಿಗೂ ಒಬ್ಬರನ್ನೊಬ್ಬರು ಕಾಣದಿದ್ದಾಗ ಎರಡೂ ವಜಾ ಆಗುವುದರಿಂದ, ಸಾಮಾನ್ಯ ದೂರದಾಚೆಯ ಗುರಿಗೂ ಒಂದೇ ದಾಳ ಸಾಕಾಗುತ್ತದೆ. ನಿಯಮದ ಅಕ್ಷರ ಹೀಗಿದ್ದರೂ ಇಂಥ ಸಂದರ್ಭದಲ್ಲಿ ಡಿಎಂ ತಮ್ಮ ವಿವೇಚನೆ ಬಳಸಿ ಬೇರೆ ತೀರ್ಪು ಕೊಟ್ಟರೆ ಯಾರೂ ಆಕ್ಷೇಪಿಸಬೇಕಾಗಿಲ್ಲ.

ಒಂದು ಕಾಳಗದ ಲೆಕ್ಕ

ಇದುವರೆಗಿನ ಹಂತಗಳನ್ನು ಒಂದು ಸನ್ನಿವೇಶದಲ್ಲಿ ಇಟ್ಟು ನೋಡೋಣ. ಲಾಲ್‌ಬಾಗ್ ಬಂಡೆಯಂಥ ಬೋಳುಬಂಡೆ, ಅದರ ನೆತ್ತಿಯಲ್ಲಿ ಕೆಂಪೇಗೌಡರ ಕಾವಲು ಗೋಪುರದಂಥ ಚಿಕ್ಕ ಗೋಪುರ, ಅದರ ಕಲ್ಲುಕಂಬದ ಹಿಂದೆ ಒಬ್ಬ ಗಾಬ್ಲಿನ್ ಎಂಬ ಕುಳ್ಳ ದುಷ್ಟಜೀವಿ. ಕೆಳಗೆ, 170 ಅಡಿ ದೂರದಲ್ಲಿ, ಮೊದಲ ಲೆವೆಲ್‌ನ ಬಿಲ್ಲುಗಾತಿ. ಅವಳ ಡೆಕ್ಸ್ಟೆರಿಟಿ 16, ಅದರಿಂದ 3, ಪ್ರೊಫಿಷಿಯೆನ್ಸಿ 2, ಒಟ್ಟು ದಾಳಿಗೆ 5. ಕೈಯಲ್ಲಿ ಉದ್ದ ಬಿಲ್ಲು, ಹಾನಿ ಎಂಟು ಮುಖದ ದಾಳಕ್ಕೆ 3 ಕೂಡಿಸಿದಷ್ಟು. 2014ರ ಪಟ್ಟಿಯಂತೆ ಗಾಬ್ಲಿನ್‌ನ ಎಸಿ 15, ಜೀವಾಂಕ 7.

ಕಂಬದಿಂದ ಅರ್ಧ ಮರೆ ಸಿಗುವುದರಿಂದ ಎಸಿ 17 ಆಗುತ್ತದೆ. ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು, ಅದರ ಸಾಧ್ಯತೆ ಶೇ 45. ಆದರೆ ದೂರ 150 ಅಡಿಯನ್ನು ದಾಟಿರುವುದರಿಂದ ಡಿಸ್‌ಅಡ್ವಾಂಟೇಜ್. ಎರಡೂ ದಾಳಗಳು 12ನ್ನು ಮುಟ್ಟಬೇಕಾದ್ದರಿಂದ ಸಾಧ್ಯತೆ ಶೇ 20ರ ಆಸುಪಾಸಿಗೆ ಇಳಿಯುತ್ತದೆ. ಈಗ ಅವಳು ಹೊಡೆಯುವ ಮೊದಲು 20 ಅಡಿ, ಅಂದರೆ ನಾಲ್ಕು ಚೌಕ, ಮುಂದೆ ನಡೆದರೆ ದೂರ 150ಕ್ಕೆ ಬರುತ್ತದೆ. ಸಾಧ್ಯತೆ ಮತ್ತೆ ಶೇ 45. ಸರದಿಯಲ್ಲಿ 30 ಅಡಿ ನಡೆಯಲು ಅವಳಿಗೆ ಹೇಗೂ ಹಕ್ಕಿದೆ, ಅದಕ್ಕೆ ಆಕ್ಷನ್ (ಹೊಡೆತದಂಥ ಮುಖ್ಯ ಕೆಲಸದ ಹಕ್ಕು) ಖರ್ಚಾಗುವುದಿಲ್ಲ. ನಿಂತಲ್ಲಿಂದಲೇ ಬಾಣ ಬಿಡುವ ಹೊಸ ಆಟಗಾರರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಮುಂದೆ ಇನ್ನೊಬ್ಬ ಗಾಬ್ಲಿನ್ ಪೊದೆಯಿಂದ ಹಾರಿ ಅವಳ ಪಕ್ಕಕ್ಕೆ ಬಂದು ನಿಂತ ಎನ್ನಿ. ಈಗ ಮರೆಯಿಲ್ಲ, ಎಸಿ 15, ದಾಳದಲ್ಲಿ 10 ಬಿದ್ದರೆ ಸಾಕು, ಆದರೆ ಪಕ್ಕದ ಶತ್ರುವಿನಿಂದ ಡಿಸ್‌ಅಡ್ವಾಂಟೇಜ್. ಬಿಲ್ಲಿನಿಂದ ಹೊಡೆದರೆ ತಗುಲುವ ಸಾಧ್ಯತೆ ಶೇ 30; ಮುಕ್ಕಾಲು ಮರೆಯ ಹಿಂದಿನ ಗಾಬ್ಲಿನ್‌ಗೆ ತೊಡಕಿಲ್ಲದೆ ಹೊಡೆದಾಗಲೂ ಬರುವುದು ಇದೇ ಅಂಕಿ. ಉದ್ದ ಬಿಲ್ಲಿಗೆ ಎರಡು ಕೈ ಬೇಕಾಗುವುದು ಹೊಡೆಯುವ ಕ್ಷಣದಲ್ಲಿ ಮಾತ್ರ. ಆದುದರಿಂದ ಅವಳು ಬಿಲ್ಲನ್ನು ಎಡಗೈಯಲ್ಲಿಯೇ ಇಟ್ಟುಕೊಂಡು ಬಲಗೈಯಿಂದ ಸೊಂಟದ ಬಾಕು ತೆಗೆದು ತಿವಿಯಬಹುದು. ಆಗ ತಗುಲುವ ಸಾಧ್ಯತೆ ಶೇ 55. ಹಾನಿ ನಾಲ್ಕು ಮುಖದ ದಾಳಕ್ಕೆ 3. ಸರಾಸರಿ ನೋಡಿದರೆ ಬಾಕು ಸರದಿಗೆ ಸುಮಾರು 3, ಬಿಲ್ಲು ಸುಮಾರು 2.3. ಆದರೆ 7 ಜೀವಾಂಕವನ್ನು ಒಂದೇ ಪೆಟ್ಟಿಗೆ ತೆಗೆಯಬೇಕೆಂದರೆ, ಕ್ರಿಟಿಕಲ್ (ದಾಳದಲ್ಲಿ 20 ಬಿದ್ದಾಗ ಆಗುವ ಹೆಚ್ಚಿನ ಹಾನಿ) ಲೆಕ್ಕ ಬಿಟ್ಟು, ಬಿಲ್ಲಿಗೆ ಶೇ 19 ಸಾಧ್ಯತೆ, ಬಾಕುವಿಗೆ ಶೇ 14. ಗಾಬ್ಲಿನ್ ಮೊದಲೇ ಗಾಯಗೊಂಡು 4 ಜೀವಾಂಕಕ್ಕೆ ಇಳಿದಿದ್ದರೆ ಯಾವ ಪೆಟ್ಟು ತಗುಲಿದರೂ ಅದು ಸಾಯುವುದರಿಂದ ಬಾಕುವೇ ಸ್ಪಷ್ಟವಾಗಿ ಮೇಲು. ಮೂರನೆಯ ದಾರಿ, ಹಿಂದೆ ಸರಿದು ಬಿಲ್ಲಿನಿಂದ ಹೊಡೆಯುವುದು. ಡಿಸ್‌ಅಡ್ವಾಂಟೇಜ್ ಹೋಗುತ್ತದೆ, ಆದರೆ ಸರಿಯುವಾಗ ಗಾಬ್ಲಿನ್‌ಗೆ ಒಂದು ಬಿಟ್ಟಿ ಹೊಡೆತ ಸಿಗುತ್ತದೆ. ಅವಳಲ್ಲಿ ಎಷ್ಟು ಜೀವಾಂಕ ಉಳಿದಿದೆ ಎಂಬುದರ ಮೇಲೆ ಆ ನಿರ್ಧಾರ ನಿಲ್ಲುತ್ತದೆ.

ಹಂತ 6: ಕೈ ಖಾಲಿ ಇದೆಯೇ, ಆಯುಧ ಹೊರಗೆ ಬಂದಿದೆಯೇ

ಬಾಣವನ್ನು ಬತ್ತಳಿಕೆಯಿಂದ ತೆಗೆಯುವುದು ಹೊಡೆತದಲ್ಲಿಯೇ ಸೇರಿದೆ. ಭರ್ಜಿಗೆ 2014ರಲ್ಲಿ ಈ ಸೌಲಭ್ಯ ಇರಲಿಲ್ಲ. ಸರದಿಗೆ ಒಂದು ವಸ್ತುವನ್ನು ಮಾತ್ರ ಪುಕ್ಕಟೆಯಾಗಿ ಹೊರತೆಗೆಯಬಹುದಾಗಿತ್ತು. ಹಾಗಾಗಿ ಐದನೆಯ ಲೆವೆಲ್‌ಗೆ ಏರಿ ಸರದಿಗೆ ಎರಡು ಹೊಡೆತ ಪಡೆದ ಯೋಧ ಕೈಯಲ್ಲೊಂದು ಭರ್ಜಿ ಮೊದಲೇ ಹಿಡಿದಿರದಿದ್ದರೆ ಎರಡನೆಯದನ್ನು ಎಸೆಯಲು ಆಗುತ್ತಿರಲಿಲ್ಲ. 2020ರಲ್ಲಿ ಎಸೆಯುವವರಿಗಾಗಿಯೇ ಒಂದು ಯುದ್ಧಶೈಲಿ ಸೇರಿಸಿ, ಆಯುಧವನ್ನು ಹೊಡೆತದೊಳಗೇ ತೆಗೆಯಲು ಅವಕಾಶ ಕೊಟ್ಟು, ಹಾನಿಗೆ 2 ಕೂಡಿಸಲಾಯಿತು. 2024ರ ಪುಸ್ತಕ ‘ಥ್ರೋನ್’ ಗುಣದ ವಿವರಣೆಯಲ್ಲಿಯೇ ಆಯುಧ ತೆಗೆಯುವುದನ್ನು ಸೇರಿಸಿ ತೊಂದರೆಯನ್ನು ಬುಡದಲ್ಲಿಯೇ ನಿವಾರಿಸಿತು. ಹಳೆಯ ಪುಸ್ತಕದಲ್ಲಿ ಆಡುವ ಗುಂಪುಗಳೂ ಈ ಒಂದು ಸಾಲನ್ನು ಎರವಲು ಪಡೆಯಬೇಕೆಂದು ನನ್ನ ಆಗ್ರಹದ ಸಲಹೆ. ಉದ್ದ ಬಿಲ್ಲಿಗಿಂತ ಕಡಿಮೆ ದೂರ, ಕಡಿಮೆ ಹಾನಿ ಇರುವ ಆಯುಧಕ್ಕೆ ಮೇಲಿಂದ ಕೈಯ ಲೆಕ್ಕವನ್ನೂ ಹೇರುವುದರಿಂದ ಯಾರಿಗೂ ಉಪಯೋಗವಿಲ್ಲ.

ಕ್ರಾಸ್‌ಬೋಗಳಿಗೆ ‘ಲೋಡಿಂಗ್’ ಗುಣ ಇದೆ: ಎಷ್ಟು ಹೊಡೆತಗಳ ಹಕ್ಕಿದ್ದರೂ ಒಂದು ಆಕ್ಷನ್‌ನಲ್ಲಿ ಒಂದೇ ಬಾಣ. ಮೊದಲ ಲೆವೆಲ್‌ಗಳಲ್ಲಿ ಹಗುರ ಕ್ರಾಸ್‌ಬೋ ಗಿಡ್ಡ ಬಿಲ್ಲಿಗಿಂತ ಹೆಚ್ಚು ಹಾನಿ ಕೊಟ್ಟರೂ ಎರಡು ಹೊಡೆತ ಬಂದೊಡನೆ ಹಿಂದೆ ಬೀಳಲು ಇದೇ ಕಾರಣ. ಒಂದೇ ಕೈಯ ಆಯುಧಕ್ಕೆ ಬಾಣವನ್ನೋ ಗುಂಡನ್ನೋ ತುಂಬಲು ಇನ್ನೊಂದು ಕೈ ಖಾಲಿ ಇರಬೇಕು. ಆದುದರಿಂದ ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಕವಣೆ ಅಥವಾ ಕೈ ಕ್ರಾಸ್‌ಬೋ ಎಂಬ ಜೋಡಿ ಮತ್ತೆ ಮತ್ತೆ ಹೊಡೆಯಲು ನಡೆಯುವುದಿಲ್ಲ. ಗುರಾಣಿ ಬಿಡಲೊಲ್ಲದವರಿಗೆ ಭರ್ಜಿಯೇ ಸರಿ. ‘ಹೆವಿ’ ಗುಣದ ಉದ್ದ ಬಿಲ್ಲು ಮತ್ತು ಭಾರಿ ಕ್ರಾಸ್‌ಬೋಗಳನ್ನು 2014ರಲ್ಲಿ ಹಾಫ್ಲಿಂಗ್‌ನಂಥ ಚಿಕ್ಕ ದೇಹದವರು ಡಿಸ್‌ಅಡ್ವಾಂಟೇಜ್‌ನಿಂದ ಬಳಸಬೇಕಿತ್ತು. 2024ರಲ್ಲಿ ದೇಹದ ಗಾತ್ರ ನೋಡುವುದಿಲ್ಲ, ಡೆಕ್ಸ್ಟೆರಿಟಿ 13 ಇಲ್ಲದವರಿಗೆ ಮಾತ್ರ ತೊಡಕು.

ಎರಡೂ ಕೈಯಲ್ಲಿ ಹಗುರ ಆಯುಧ ಹಿಡಿದವರು ಬೋನಸ್ ಹೊಡೆತವನ್ನು ಎಸೆದೂ ಮಾಡಬಹುದು. ಬಾಕು, ಕೈಗೊಡಲಿ, ಚಿಕ್ಕ ಸುತ್ತಿಗೆಗಳಿಗೆ ಇದು ಅನ್ವಯಿಸುತ್ತದೆ, ಭರ್ಜಿಗೆ ಇಲ್ಲ. ಆ ಎರಡನೆಯ ಹೊಡೆತದ ಹಾನಿಗೆ ಸಾಮರ್ಥ್ಯದ ಅಂಕಿಯನ್ನು ಕೂಡಿಸುವಂತಿಲ್ಲ.

2024ರಲ್ಲಿ ಪ್ರತಿ ಆಯುಧಕ್ಕೂ ಸೇರಿದ ‘ಮಾಸ್ಟರಿ’ ಗುಣ ಆಯುಧದ ಆಯ್ಕೆಯನ್ನೇ ಬದಲಿಸಿದೆ. ಭರ್ಜಿ ಮತ್ತು ಉದ್ದ ಬಿಲ್ಲು ತಗುಲಿದವನ ನಡಿಗೆಯನ್ನು 10 ಅಡಿ ಕುಗ್ಗಿಸುತ್ತವೆ. ಗಿಡ್ಡ ಬಿಲ್ಲು, ಡಾರ್ಟ್, ಕೈಗೊಡಲಿಗಳು ಅದೇ ಗುರಿಗೆ ಮಾಡುವ ಮುಂದಿನ ಹೊಡೆತಕ್ಕೆ ಅಡ್ವಾಂಟೇಜ್ ತರುತ್ತವೆ. ಭಾರಿ ಕ್ರಾಸ್‌ಬೋ ಗುರಿಯನ್ನು 10 ಅಡಿ ಹಿಂದಕ್ಕೆ ತಳ್ಳುತ್ತದೆ. ಇವು ಸಿಗುವುದು ಆ ತರಬೇತಿ ಇರುವ ಪಾತ್ರಗಳಿಗೆ ಮಾತ್ರ.

ನೀರಿನೊಳಗೆ ಸಾಮಾನ್ಯ ದೂರದಾಚೆಯ ಹೊಡೆತ ತಾನಾಗಿಯೇ ತಪ್ಪುತ್ತದೆ. ಒಳಗಿನದಕ್ಕೂ ಡಿಸ್‌ಅಡ್ವಾಂಟೇಜ್ ಇದೆ. 2014ರ ನಿಯಮದಲ್ಲಿ ಕ್ರಾಸ್‌ಬೋ, ಬಲೆ, ಮತ್ತು ಭರ್ಜಿ, ಈಟಿ, ತ್ರಿಶೂಲ, ಡಾರ್ಟ್‌ಗಳಂಥ ಎಸೆಯುವ ಆಯುಧಗಳಿಗೆ ಆ ತೊಡಕಿಲ್ಲ.

ಪಾತ್‌ಫೈಂಡರ್ ಆಡುವವರಿಗೆ

ಪಾತ್‌ಫೈಂಡರ್ ಇದೇ ಬಗೆಯ ಇನ್ನೊಂದು ಆಟ; 2019ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯಲ್ಲಿ ದೂರದ ಲೆಕ್ಕವೇ ಬೇರೆ. ಆಯುಧಕ್ಕೆ ಒಂದೇ ಅಂಕಿ ಇರುತ್ತದೆ, ಅಷ್ಟು ಅಡಿಗೆ ಒಂದು ಘಟ್ಟ. ಅದನ್ನು ದಾಟಿದ ಪ್ರತಿ ಘಟ್ಟಕ್ಕೂ ದಾಳಿಯಿಂದ 2 ಕಳೆಯುತ್ತ ಆರನೆಯ ಘಟ್ಟದವರೆಗೆ ಹೊಡೆಯಬಹುದು. ಉದ್ದ ಬಿಲ್ಲಿನ ಘಟ್ಟ 100 ಅಡಿ, ಆದರೆ 30 ಅಡಿಯೊಳಗಿನ ಗುರಿಗೆ ಅದೇ ಬಿಲ್ಲು 2 ಕಳೆದುಕೊಳ್ಳುತ್ತದೆ. ಎಸೆಯುವ ಆಯುಧಕ್ಕೆ ದಾಳಿಯಲ್ಲಿ ಡೆಕ್ಸ್ಟೆರಿಟಿ, ಹಾನಿಯಲ್ಲಿ ಸ್ಟ್ರೆಂತ್. ಎರಡೂ ಆಟಗಳನ್ನು ಆಡುವವರು ಈ ಕೊನೆಯ ಅಂಶವನ್ನು ಬೆರೆಸಿಕೊಳ್ಳದಂತೆ ಕ್ಯಾರೆಕ್ಟರ್ ಶೀಟಿನಲ್ಲಿಯೇ ಬರೆದಿಟ್ಟುಕೊಳ್ಳುವುದು ಲೇಸು.

ಹಂತ 7: ಕಾಳಗ ಮುಗಿದ ಮೇಲೆ

ಬಾಣಗಳ ಲೆಕ್ಕ ಇಡುವುದು ಬೇಸರದ ಕೆಲಸವೆಂದು ಅನೇಕ ಗುಂಪುಗಳು ಕೈಬಿಟ್ಟಿವೆ. ನಾನು ಇಡುವುದರ ಪರ. ಬತ್ತಳಿಕೆಯಲ್ಲಿ ಹಿಡಿಸುವುದು 20 ಬಾಣ. ಊರಿನಿಂದ ದೂರ ಹೋದ ಮೇಲೆ ಆ ಅಂಕಿ ಇಳಿಯುತ್ತ ಹೋಗುವುದು ಆಟಕ್ಕೆ ಬೇಕಾದ ಬಿಗಿಯನ್ನು ತರುತ್ತದೆ. ಪೆನ್ಸಿಲ್ಲಿನಿಂದ ಗೀಚಿ ಅಳಿಸುವ ಬದಲು ಒಂದು ಬಟ್ಟಲಿನಲ್ಲಿ 20 ಹುಣಸೆಬೀಜ ಹಾಕಿಡಿ. ಬಾಣ ಬಿಟ್ಟಾಗಲೆಲ್ಲ ಒಂದು ಬೀಜವನ್ನು ನಕ್ಷೆಯ ಮೇಲೆ ಗುರಿಯ ಹತ್ತಿರ ಇಡಬೇಕು. ಚೌಕಾಬಾರ, ಅಳಗುಳಿಮಣೆ ಆಡಿದ ಮನೆಗಳಲ್ಲಿ ಅವು ಸಿಕ್ಕೇ ಸಿಗುತ್ತವೆ. ಕಾಳಗ ಮುಗಿದ ಮೇಲೆ ಒಂದು ನಿಮಿಷ ಹುಡುಕಿದರೆ ಆ ಕಾಳಗದಲ್ಲಿ ಬಿಟ್ಟ ಬಾಣಗಳಲ್ಲಿ ಅರ್ಧ ಮರಳಿ ಸಿಗುತ್ತವೆ ಎಂಬುದು ನಿಯಮ. ಮೇಜಿನ ಮೇಲಿನ ಬೀಜಗಳಲ್ಲಿ ಅರ್ಧವನ್ನು ಬಟ್ಟಲಿಗೆ ಹಾಕಿಕೊಳ್ಳಬೇಕು. 7 ಬಿಟ್ಟಿದ್ದರೆ ಸಿಗುವುದು 3. ಹುಡುಕುವಷ್ಟು ಬಿಡುವಿಲ್ಲದೆ ಓಡಿಹೋಗಬೇಕಾದರೆ ಎಲ್ಲವೂ ಹೋದವು.

ಈ ಅರ್ಧದ ನಿಯಮ ಬಾಣ, ಕವಣೆಗುಂಡುಗಳಿಗೆ ಮಾತ್ರ. ಎಸೆದ ಭರ್ಜಿ ಅಥವಾ ಬಾಕು ಮುರಿಯುವುದಿಲ್ಲ. ಅದು ಬಿದ್ದ ಚೌಕಕ್ಕೆ ಹೋಗಿ ಎತ್ತಿಕೊಳ್ಳಬಹುದು, ಕಾಳಗದ ನಡುವೆಯೂ. ಆದರೆ ಅದು ಎಲ್ಲಿ ಬಿತ್ತು ಎಂಬುದು ಡಿಎಂ ಕೈಯಲ್ಲಿದೆ: ತಗುಲಿದ್ದರೆ ಗುರಿಯ ಚೌಕದಲ್ಲಿ, ತಪ್ಪಿದ್ದರೆ ಅದರ ಹಿಂದೆ ಒಂದೆರಡು ಚೌಕದಲ್ಲಿ ಎಂದು ನಿಗದಿ ಮಾಡಿಕೊಂಡರೆ ಪ್ರತಿಸಲ ಯೋಚಿಸಬೇಕಾಗಿಲ್ಲ. ಬಂಡೆಯ ಅಂಚಿನಲ್ಲಿ ನಿಂತವನಿಗೆ ಎಸೆಯುವ ಮೊದಲು ಆಟಗಾರರಿಗೆ ಇದು ಗೊತ್ತಿರಬೇಕು. ಮಾಂತ್ರಿಕ ಬಾಣಗಳ ಲೆಕ್ಕವನ್ನು ಬೇರೆ ಬಣ್ಣದ ಬೀಜದಲ್ಲೋ ಕವಡೆಯಲ್ಲೋ ಇಡುವುದು ಅಗತ್ಯ. ಗುರಿಗೆ ತಗುಲಿದ ಮಾಂತ್ರಿಕ ಬಾಣದ ಶಕ್ತಿ ಅಲ್ಲಿಗೇ ಮುಗಿಯುವುದರಿಂದ, ಹುಡುಕಿದರೂ ಅದು ಮಾಂತ್ರಿಕ ಬಾಣವಾಗಿ ಮರಳಿ ಸಿಗುವುದಿಲ್ಲ.